ಲೈವ್ ಸ್ವಿಚಿಂಗ್: ಸೀನ್, ಪದರ, ಟ್ರಾನ್ಸಿಶನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕಲ್ಯಾಣ ಮಂಟಪ, ಸಂಗೀತ ಸಭೆ, ಕಾಲೇಜು ಸೆಮಿನಾರು, ಎಲ್ಲಿ ಸ್ವಿಚರ್ (ಹಲವು ಕ್ಯಾಮೆರಾಗಳಲ್ಲಿ ಯಾವುದು ಪರದೆಗೆ ಹೋಗಬೇಕೆಂದು ಆರಿಸುವ ಪೆಟ್ಟಿಗೆ) ಮುಂದೆ ಕೂತರೂ ಯಾರಾದರೂ ಬೆನ್ನ ಹಿಂದೆ ಬಂದು ನಿಲ್ಲುತ್ತಾರೆ. ಸ್ವಲ್ಪ ಹೊತ್ತು ನೋಡುತ್ತಾರೆ, ಆಮೇಲೆ ಕೇಳುತ್ತಾರೆ. ಫೋನಿನಲ್ಲಿ, ಪತ್ರದಲ್ಲಿ ಬರುವುದೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಪೆಟ್ಟಿಗೆ ಯಾವ ಕಂಪನಿಯದ್ದಾದರೂ ಒಂದು ವಿಷಯ ಗಟ್ಟಿಯಾದರೆ ಗೊಂದಲದ ಮುಕ್ಕಾಲು ಪಾಲು ಹೋಗುತ್ತದೆ: ಯಾವ ಪದರ ಟ್ರಾನ್ಸಿಶನ್‌ಗಿಂತ ಮೊದಲು ಸೇರುತ್ತದೆ, ಯಾವುದು ಅದರ ನಂತರ ಸೇರುತ್ತದೆ. ಪದರ ಎಂದರೆ ಮೂಲ ಚಿತ್ರದ ಮೇಲೆ ಕೂರುವ ಲೋಗೋ, ಹೆಸರಿನಂಥ ಚಿತ್ರ. ಟ್ರಾನ್ಸಿಶನ್ ಎಂದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವ ಬಗೆ.

## ಮೊದಲ ಹೆಜ್ಜೆ

ಸ್ವಿಚರ್ ಅಂದ್ರೆ ಕ್ಯಾಮೆರಾ ಬದಲಾಯಿಸೋ ಡಬ್ಬ ತಾನೇ? ಎಸ್.ಪಿ. ರೋಡಲ್ಲಿ ಎಚ್‌ಡಿಎಂಐ ಸೆಲೆಕ್ಟರ್ ಕೆಲವು ನೂರು ರೂಪಾಯಿಗೇ ಸಿಗುತ್ತಲ್ಲ?

ಸಿಗುತ್ತದೆ. ಮನೆಯ ಟಿವಿಗೆ ಸೆಟ್‌ಟಾಪ್ ಬಾಕ್ಸ್, ಗೇಮ್ ಕನ್ಸೋಲ್ ಎರಡನ್ನೂ ಜೋಡಿಸಲು ಅದು ಸಾಕು. ಅದರಲ್ಲಿ ಗುಂಡಿ ಒತ್ತಿದಾಗ ಹಳೆಯ ಸಿಗ್ನಲ್ ಕಡಿದುಹೋಗಿ, ಹೊಸದರ ಜೊತೆ ಟಿವಿ ಮತ್ತೆ ಪರಿಚಯ ಮಾಡಿಕೊಳ್ಳಬೇಕು. ಅಷ್ಟು ಹೊತ್ತು ಪರದೆ ಕಪ್ಪು.

ಪ್ರೊಡಕ್ಷನ್ ಸ್ವಿಚರ್ ಹಾಗಲ್ಲ. ಒಳಬರುವ ಎಲ್ಲ ಕ್ಯಾಮೆರಾಗಳ ಫ್ರೇಮ್‌ಗಳನ್ನೂ ಅದು ಮೊದಲು ಒಂದೇ ಗಡಿಯಾರಕ್ಕೆ ತರುತ್ತದೆ. ನಾಲ್ಕು ಕ್ಯಾಮೆರಾ ಇದ್ದರೆ ನಾಲ್ಕೂ ತಮ್ಮ ಪಾಡಿಗೆ ಫ್ರೇಮ್ ಕಳಿಸುತ್ತಿರುತ್ತವೆ. ಒಂದು ಫ್ರೇಮಿನ ಅರ್ಧದಲ್ಲಿರುವಾಗ ಇನ್ನೊಂದು ಅದೇ ತಾನೇ ಶುರು ಮಾಡಿರುತ್ತದೆ. ಸ್ವಿಚರ್ ಪ್ರತಿಯೊಂದನ್ನೂ ಸ್ವಲ್ಪ ತಡೆದು, ಸಾಲಾಗಿ ನಿಲ್ಲಿಸಿ, ಒಂದು ಫ್ರೇಮ್ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಬದಲಿಸುತ್ತದೆ. ದೊಡ್ಡ ಸ್ಟುಡಿಯೋಗಳಲ್ಲಿ ಕ್ಯಾಮೆರಾಗಳಿಗೇ ಒಂದು ಸಿಂಕ್ ಸಿಗ್ನಲ್ ಕೊಟ್ಟು ಈ ಕೆಲಸ ಮಾಡುತ್ತಾರೆ, ಅದಕ್ಕೆ ಜೆನ್‌ಲಾಕ್ ಎಂದು ಹೆಸರು. ಏಟೆಮ್ ಮಿನಿಯಂಥ ಸಣ್ಣ ಪೆಟ್ಟಿಗೆಗಳಲ್ಲಿ ಪ್ರತಿ ಇನ್‌ಪುಟ್‌ಗೂ ಒಳಗೇ ಫ್ರೇಮ್ ಸಿಂಕ್ರೊನೈಸರ್ ಇರುತ್ತದೆ. ನೀವು ಹಣ ಕೊಡುವುದು ಮುಖ್ಯವಾಗಿ ಇದಕ್ಕೆ.

ಪ್ರೋಗ್ರಾಂ, ಪ್ರಿವ್ಯೂ ಅಂತ ಎರಡು ಪರದೆ ಯಾಕೆ? ಒಂದೇ ಸಾಲದಾ?

ಪ್ರೋಗ್ರಾಂ ಎಂದರೆ ಜನ ಈಗ ನೋಡುತ್ತಿರುವುದು. ಪ್ರಿವ್ಯೂ ಎಂದರೆ ಮುಂದಿನ ಬಾರಿ ಹೋಗಬೇಕಾದ್ದು. ಫೋಕಸ್ ಸರಿ ಇದೆಯೇ, ಕ್ಯಾಮೆರಾದವನು ಮೂಗು ಒರೆಸಿಕೊಳ್ಳುತ್ತಾ ಲೆನ್ಸ್ ಅಲ್ಲಾಡಿಸುತ್ತಿದ್ದಾನೆಯೇ, ಹೆಸರಿನ ಪಟ್ಟಿಯಲ್ಲಿ ಕಾಗುಣಿತ ತಪ್ಪಿದೆಯೇ ಎಂದು ನೋಡಿಕೊಳ್ಳುವ ಜಾಗ ಅದು. ಕಟ್ (ತಟ್ಟನೆ ಬದಲಿಸುವ ಗುಂಡಿ) ಅಥವಾ ಆಟೋ (ಆರಿಸಿಟ್ಟ ಟ್ರಾನ್ಸಿಶನ್ ನಡೆಸುವ ಗುಂಡಿ) ಒತ್ತಿದ ಮೇಲೆ ಎರಡೂ ಜಾಗ ಬದಲಿಸಿಕೊಳ್ಳುತ್ತವೆ. ಹಳೆಯ ಶಾಟ್ ಪ್ರಿವ್ಯೂಗೆ ಬಂದು ಕೂರುತ್ತದೆ. ಇಬ್ಬರ ಸಂದರ್ಶನದಲ್ಲಿ ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ಕೆಲಸ ಮುಗಿಸಬಹುದು.

ಕೆಂಪು ದೀಪ ಪ್ರೋಗ್ರಾಂಗೆ, ಹಸಿರು ಪ್ರಿವ್ಯೂಗೆ. ಟ್ರಾನ್ಸಿಶನ್ ನಡೆಯುವಾಗ ಎರಡೂ ಕ್ಯಾಮೆರಾ ಕೆಂಪಾಗುತ್ತವೆ, ಏಕೆಂದರೆ ಆ ಗಳಿಗೆಯಲ್ಲಿ ಎರಡೂ ಪರದೆಯ ಮೇಲಿವೆ. ಟ್ರಾನ್ಸಿಶನ್ ಮುಗಿಯುವ ಮೊದಲೇ ಕ್ಯಾಮೆರಾ ತಿರುಗಿಸಬಾರದು ಎಂದು ಹುಡುಗರಿಗೆ ಹೇಳಿಕೊಡಲು ಈ ಕೆಂಪು ದೀಪವೇ ಸಾಕು.

ನನ್ನ ಏಟೆಮ್ ಮಿನಿಯಲ್ಲಿ ನಂಬರ್ ಒತ್ತಿದ ತಕ್ಷಣ ಲೈವ್ ಹೋಗಿಬಿಡುತ್ತೆ. ಪ್ರಿವ್ಯೂ ಎಲ್ಲಿ ಹೋಯ್ತು?

ಅದು ಕಟ್ ಬಸ್ ಎಂಬ ವಿಧಾನ. ಪೆಟ್ಟಿಗೆ ಕೊಂಡಾಗ ಹಾಗೇ ಇರುತ್ತದೆ. ಕಂಪ್ಯೂಟರಿನ ಏಟೆಮ್ ಸಾಫ್ಟ್‌ವೇರ್ ಕಂಟ್ರೋಲ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೋಗ್ರಾಂ–ಪ್ರಿವ್ಯೂ ವಿಧಾನಕ್ಕೆ ಬದಲಿಸಿ. ಮೊದಲ ಮಾದರಿಯಲ್ಲಿ ಒಂದೇ ಎಚ್‌ಡಿಎಂಐ ಔಟ್ ಇದೆ, ಎಲ್ಲವನ್ನೂ ಒಟ್ಟಿಗೆ ತೋರಿಸುವ ಮಲ್ಟಿವ್ಯೂ ಇಲ್ಲ. ಅದು ಬೇಕಿದ್ದರೆ ಪ್ರೊ ಮಾದರಿಗೆ ಹೋಗಬೇಕು. ಮಲ್ಟಿವ್ಯೂ ಇಲ್ಲದೆ ಮದುವೆ ಒಪ್ಪಿಕೊಳ್ಳಬೇಡಿ.

ಸೀನ್ ಅಂದ್ರೆ ನಿಜವಾಗಿ ಏನು? ಒಬಿಎಸ್‌ನಲ್ಲಿ ಇದೆ, ಹಾರ್ಡ್‌ವೇರ್ ಸ್ವಿಚರಲ್ಲಿ ಹುಡುಕಿದ್ರೂ ಸಿಗ್ತಿಲ್ಲ.

ಒಬಿಎಸ್ ಎಂಬ ಕಂಪ್ಯೂಟರ್ ಸಾಫ್ಟ್‌ವೇರಿನಲ್ಲಿ ಸೀನ್ ಎಂದರೆ ಸಿದ್ಧಪಡಿಸಿಟ್ಟ ಒಂದು ಪೂರ್ತಿ ಚಿತ್ರ: ಹಿನ್ನೆಲೆ, ಅದರ ಮೇಲೆ ಕ್ಯಾಮೆರಾ, ಮೂಲೆಯಲ್ಲಿ ಲೋಗೋ, ಕೆಳಗೆ ಹೆಸರು. ಎಷ್ಟು ಬೇಕಾದರೂ ಮಾಡಿಡಬಹುದು. ಸೀನ್ ಬದಲಿಸಿದರೆ ಇಡೀ ಗಂಟು ಬದಲಾಗುತ್ತದೆ.

ಹಾರ್ಡ್‌ವೇರ್ ಸ್ವಿಚರ್ ಹುಟ್ಟಿದ್ದು ಬೇರೆ ಯೋಚನೆಯಿಂದ. ಅಲ್ಲಿ ಒಂದು ಹಿನ್ನೆಲೆ ಮೂಲ ಇರುತ್ತದೆ, ಅದರ ಮೇಲೆ ಬೇಕಾದಾಗ ಆನ್, ಬೇಡವಾದಾಗ ಆಫ್ ಮಾಡುವ ಕೆಲವೇ ಕೀಯರ್‌ಗಳಿರುತ್ತವೆ. ಕೀಯರ್ ಎಂದರೆ ಒಂದು ಚಿತ್ರದ ಬೇಡದ ಭಾಗ ತೆಗೆದು ಉಳಿದದ್ದನ್ನು ಹಿನ್ನೆಲೆಯ ಮೇಲೆ ಕೂರಿಸುವ ಭಾಗ, ಹಾಗೆ ಕೂತ ಪದರವೇ ಕೀ. ಹಿನ್ನೆಲೆ, ಅದರ ಕೀಯರ್‌ಗಳು, ಟ್ರಾನ್ಸಿಶನ್ ಮಾಡುವ ಭಾಗ, ಇವೆಲ್ಲ ಸೇರಿದ ಒಂದು ಘಟಕವನ್ನು ಎಂ/ಇ (ಮಿಕ್ಸ್/ಎಫೆಕ್ಟ್ಸ್) ಎನ್ನುತ್ತಾರೆ. ದೊಡ್ಡ ಟಿವಿ ಸ್ವಿಚರ್‌ಗಳಲ್ಲಿ ಇಂಥ ಎರಡು, ನಾಲ್ಕು ಘಟಕಗಳಿರುತ್ತವೆ. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಇನ್‌ಪುಟ್ ಆಗಿ ಕೊಡಬಹುದು. ಹಾಗೆ ಕೊಟ್ಟಾಗ ಅದು ಒಬಿಎಸ್‌ನ ಸೀನಿಗೆ ಹತ್ತಿರ ಬರುತ್ತದೆ. ಏಟೆಮ್ ಮಿನಿಯಲ್ಲಿ ಒಂದೇ ಎಂ/ಇ. ಆದ್ದರಿಂದ ಅಲ್ಲಿ ಸೀನ್ ಬೇಕೆಂದರೆ ಮ್ಯಾಕ್ರೋ ಬರೆಯಬೇಕು: ‘ಕ್ಯಾಮೆರಾ 2ನ್ನು ತೆಗೆದುಕೋ, ಕೀ 1 ಆನ್ ಮಾಡು, ಚೌಕವನ್ನು ಬಲಗಡೆಗೆ ಸರಿಸು’ ಎಂಬ ಆದೇಶಗಳ ಸರಣಿ. ಎಕ್ಸ್‌ಟ್ರೀಮ್ ಮಾದರಿಯಲ್ಲಿರುವ ಸೂಪರ್‌ಸೋರ್ಸ್ ನಾಲ್ಕು ಚೌಕಗಳನ್ನು ಜೋಡಿಸಿದ ಒಂದು ತಯಾರಿ ಇನ್‌ಪುಟ್ ಕೊಡುತ್ತದೆ, ಅದೂ ಒಂದು ಬಗೆಯ ಸೀನೇ.

ವಿಮಿಕ್ಸ್ ಎಂಬ ಇನ್ನೊಂದು ಸಾಫ್ಟ್‌ವೇರ್ ಇವೆರಡರ ನಡುವೆ ನಿಲ್ಲುತ್ತದೆ. ಅಲ್ಲಿ ಎಲ್ಲವೂ ಇನ್‌ಪುಟ್. ಪ್ರತಿ ಇನ್‌ಪುಟ್‌ಗೂ ಬೇರೆ ಇನ್‌ಪುಟ್‌ಗಳನ್ನು ಪದರಗಳಾಗಿ ಅಂಟಿಸಬಹುದು.

ಕಟ್, ಮಿಕ್ಸ್, ವೈಪ್, ಡಿಪ್ – ಯಾವುದನ್ನ ಯಾವಾಗ ಹಾಕ್ಬೇಕು?

ಗೊತ್ತಾಗದಿದ್ದರೆ ಕಟ್. ಗೊತ್ತಾದ ಮೇಲೂ ಹೆಚ್ಚಿನ ಸಲ ಕಟ್.

ಕಟ್ ಎಂದರೆ ಮಧ್ಯಂತರವಿಲ್ಲದ ಬದಲಾವಣೆ. ಒಬ್ಬರು ಮಾತು ಮುಗಿಸಿ ಇನ್ನೊಬ್ಬರು ಶುರು ಮಾಡಿದಾಗ ನೋಡುವವರ ಕಣ್ಣು ತಾನಾಗಿಯೇ ಅತ್ತ ಹೊರಳುತ್ತದೆ. ಕಟ್ ಅದೇ ಗಳಿಗೆಗೆ ಬಿದ್ದರೆ ಯಾರಿಗೂ ಕಾಣುವುದಿಲ್ಲ. ಕರ್ನಾಟಕ ಸಂಗೀತ ಕಚೇರಿಯಲ್ಲಿ ತನಿ ಆವರ್ತನ ನಡೆಯುವಾಗ ಮೃದಂಗ, ಘಟಗಳ ನಡುವೆ ಕಟ್ ಬಿಟ್ಟು ಬೇರೇನೂ ನಡೆಯುವುದಿಲ್ಲ, ಅದೂ ಆವರ್ತನ ಮುಗಿಯುವಲ್ಲಿ. ತಾಳ ಗೊತ್ತಿಲ್ಲದವರು ಸ್ವಿಚರ್ ಮುಂದೆ ಕೂತರೆ ಮೊದಲ ಹತ್ತು ನಿಮಿಷದಲ್ಲೇ ತಿಳಿದುಹೋಗುತ್ತದೆ. ರಾಮೋತ್ಸವದ ಚಪ್ಪರದಲ್ಲಿ ಕೂತು ಕೈಯಲ್ಲಿ ತಾಳ ಹಾಕುವ ಹಿರಿಯರು ಮನೆಯಲ್ಲಿ ಲೈವ್ ನೋಡುವಾಗಲೂ ಹಾಕುತ್ತಿರುತ್ತಾರೆ. ಸಮಕ್ಕೆ ಒಂದಿಷ್ಟು ಹಿಂದೆ ಬಿದ್ದ ಕಟ್ ಅವರನ್ನು ಚುಚ್ಚುತ್ತದೆ.

ಮಿಕ್ಸ್‌ನಲ್ಲಿ ಒಂದು ಚಿತ್ರ ಕರಗಿ ಇನ್ನೊಂದು ಮೂಡುತ್ತದೆ. ಮಧ್ಯದಲ್ಲಿ ಎರಡೂ ಅರ್ಧರ್ಧ. ಆಲಾಪನೆಗೆ, ದೀಪ ಬೆಳಗುವ ಹೊತ್ತಿಗೆ, ವೇದಿಕೆಯ ದೂರದ ನೋಟದಿಂದ ಗಾಯಕಿಯ ಹತ್ತಿರದ ನೋಟಕ್ಕೆ ಇಳಿಯುವಾಗ ಇದು ಚೆನ್ನ. ಆದರೆ ಒಂದೇ ಅಳತೆಯ ಎರಡು ಮುಖಗಳ ನಡುವೆ ಮಿಕ್ಸ್ ಮಾಡಿದರೆ ನಾಲ್ಕು ಕಣ್ಣಿನ ಭೂತ ಕಾಣುತ್ತದೆ. ಶಾಟ್‌ಗಳ ಅಳತೆಯಲ್ಲಿ ಸ್ಪಷ್ಟ ವ್ಯತ್ಯಾಸವಿರಲಿ.

ಡಿಪ್ ಎಂದರೆ ಕಪ್ಪು ಅಥವಾ ಬೇರೆ ಬಣ್ಣದಲ್ಲಿ ಮುಳುಗಿ ಏಳುವುದು. ಅಧ್ಯಾಯ ಮುಗಿಯಿತು ಎಂದು ಸೂಚಿಸಲು ಬಳಸಿ: ಮೊದಲ ನಾಟಕ ಮುಗಿದು ಎರಡನೆಯದು, ಸಭಾ ಕಾರ್ಯಕ್ರಮ ಮುಗಿದು ನೃತ್ಯ.

ವೈಪ್ ಎಂದರೆ ಒಂದು ಗೆರೆ ಅಥವಾ ಆಕಾರ ಸರಿಯುತ್ತಾ ಹಳೆಯ ಚಿತ್ರವನ್ನು ಒರೆಸಿ ಹೊಸದನ್ನು ತರುವುದು. ಅದರ ಬಗ್ಗೆ ನನಗೆ ಪೂರ್ವಗ್ರಹವಿದೆ, ಮುಚ್ಚಿಡುವುದಿಲ್ಲ. 90ರ ದಶಕದ ಮದುವೆ ಕ್ಯಾಸೆಟ್‌ಗಳಲ್ಲಿ ಹೃದಯ, ನಕ್ಷತ್ರ, ತಿರುಗುವ ಚೌಕಗಳನ್ನು ನೋಡಿ ನೋಡಿ ಸಾಕಾಗಿದೆ. ಮರುಪ್ರಸಾರದಿಂದ ನೇರ ಆಟಕ್ಕೆ ಮರಳುವಾಗ, ಅಂದರೆ ‘ಈಗ ಬೇರೆ ಹೊತ್ತಿಗೆ ಹೋಗುತ್ತಿದ್ದೇವೆ’ ಎಂದು ಹೇಳಬೇಕಾದಾಗ ಮಾತ್ರ ಅದಕ್ಕೆ ಕೆಲಸವಿದೆ.

ಟ್ರಾನ್ಸಿಶನ್ ಎಷ್ಟು ಹೊತ್ತು ಇರಬೇಕು?

ಹಾರ್ಡ್‌ವೇರ್‌ನಲ್ಲಿ ಲೆಕ್ಕ ಫ್ರೇಮ್‌ಗಳಲ್ಲಿ. 25 ಫ್ರೇಮ್ ವೇಗದಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡ್, 25 ಫ್ರೇಮ್ ಒಂದು ಸೆಕೆಂಡ್. ಒಬಿಎಸ್‌ನ ಫೇಡ್ (ಮಿಕ್ಸ್‌ಗೆ ಅಲ್ಲಿನ ಹೆಸರು) ಸುಮ್ಮನೆ ಬಿಟ್ಟರೆ 300 ಮಿಲಿಸೆಕೆಂಡ್. ಮಾತಿನ ಕಾರ್ಯಕ್ರಮಕ್ಕೆ ಅದು ಸಾಕು. ಏಟೆಮ್ ಮಿನಿಯ ಮೇಲೆ 0.5, 1, 1.5, 2 ಸೆಕೆಂಡ್ ಗುಂಡಿಗಳಿವೆ. ವಿಳಂಬ ಕಾಲದ ಕೀರ್ತನೆಗೆ 2 ಸೆಕೆಂಡ್ ಒಪ್ಪುತ್ತದೆ, ರಾಜ್ಯೋತ್ಸವದ ಡೊಳ್ಳು ಕುಣಿತಕ್ಕೆ ಅರ್ಧ ಸೆಕೆಂಡೂ ದೀರ್ಘ.

ಎಫ್‌ಟಿಬಿ ಒತ್ತಿದೆ. ಆಮೇಲೆ ಯಾವ ಕ್ಯಾಮೆರಾ ಒತ್ತಿದ್ರೂ ಪರದೆ ಕಪ್ಪು!

ಎಫ್‌ಟಿಬಿ (ಫೇಡ್ ಟು ಬ್ಲ್ಯಾಕ್) ಗುಂಡಿ ಮಿನುಗುತ್ತಿರುತ್ತದೆ ನೋಡಿ. ಅದನ್ನೇ ಇನ್ನೊಮ್ಮೆ ಒತ್ತಿ. ಅದು ಟ್ರಾನ್ಸಿಶನ್ ಅಲ್ಲ, ಎಲ್ಲಕ್ಕಿಂತ ಕೊನೆಯಲ್ಲಿ ಕೂತ ಮುಚ್ಚಳ. ಲೋಗೋ, ಹೆಸರು ಎಲ್ಲವನ್ನೂ ಮುಚ್ಚುತ್ತದೆ. ಅದರ ಕೆಳಗೆ ನೀವು ಎಷ್ಟು ಕ್ಯಾಮೆರಾ ಬದಲಿಸಿದರೂ ಕಾಣದು.

## ಪದರಗಳ ವಿಚಾರ

ಹೆಸರಿನ ಪಟ್ಟಿ ಹಾಕಿದೀನಿ, ಆದ್ರೆ ಕಾಣಿಸ್ತಾನೇ ಇಲ್ಲ.

ಸೀನಿಗೆ ಸೇರಿಸಿದ ಕ್ಯಾಮೆರಾ, ಚಿತ್ರ, ಅಕ್ಷರ ಪ್ರತಿಯೊಂದೂ ಒಬಿಎಸ್‌ನಲ್ಲಿ ಒಂದು ಸೋರ್ಸ್. ಆ ಸೋರ್ಸ್ ಪಟ್ಟಿಯಲ್ಲಿ ಮೇಲಿರುವುದೇ ಮುಂದೆ. ಕ್ಯಾಮೆರಾ ಮೇಲಿದ್ದು ಹೆಸರು ಕೆಳಗಿದ್ದರೆ ಹೆಸರು ಕ್ಯಾಮೆರಾದ ಹಿಂದೆ ಅಡಗುತ್ತದೆ. ಎಳೆದು ಮೇಲಕ್ಕೆ ಹಾಕಿ, ಬೀಗದ ಗುರುತು ಒತ್ತಿ.

ಅಪ್‌ಸ್ಟ್ರೀಮ್ ಕೀ, ಡೌನ್‌ಸ್ಟ್ರೀಮ್ ಕೀ ಅಂತಾರೆ. ಎರಡೂ ಮೇಲೆ ಕೂರೋ ಚಿತ್ರಗಳೇ ಅಲ್ವಾ, ವ್ಯತ್ಯಾಸ ಏನು?

ಈ ಪ್ರಶ್ನೆಗೆ ಉತ್ತರ ಹೊಳೆದ ದಿನ ಸ್ವಿಚರ್ ಅರ್ಥವಾಗುತ್ತದೆ.

ಕಂಪನಿ ನಾಟಕದ ರಂಗವನ್ನು ನೆನೆಯಿರಿ. ಅರಮನೆಯ ಪರದೆ ಏರಿ ಕಾಡಿನ ಪರದೆ ಇಳಿಯುತ್ತದೆ. ಅರಮನೆಯ ಜೊತೆ ಸಿಂಹಾಸನವೂ ಹೋಗುತ್ತದೆ. ಆದರೆ ರಂಗದ ನೆತ್ತಿಯ ಮೇಲೆ ಬರೆಸಿದ ಕಂಪನಿಯ ಹೆಸರು ಎಷ್ಟು ಪರದೆ ಬದಲಾದರೂ ಅಲ್ಲೇ ಇರುತ್ತದೆ. ಸಿಂಹಾಸನ ಅಪ್‌ಸ್ಟ್ರೀಮ್, ಕಂಪನಿಯ ಹೆಸರು ಡೌನ್‌ಸ್ಟ್ರೀಮ್.

ಅಪ್‌ಸ್ಟ್ರೀಮ್ ಕೀ ಟ್ರಾನ್ಸಿಶನ್ ಘಟಕದ ಒಳಗಿದೆ. ಹಸಿರು ಪರದೆಯ ಮುಂದೆ ನಿಂತ ನಿರೂಪಕಿ, ಪಕ್ಕದ ಚೌಕದಲ್ಲಿ ಬರುವ ಸಂಕೇತ ಭಾಷೆಯ ಅನುವಾದಕರು, ಇಂಥವು ಶಾಟ್‌ನ ಭಾಗ. ಟ್ರಾನ್ಸಿಶನ್‌ನಲ್ಲಿ ಅವೂ ಪಾಲ್ಗೊಳ್ಳಬಹುದು. ಡೌನ್‌ಸ್ಟ್ರೀಮ್ ಕೀ ಟ್ರಾನ್ಸಿಶನ್ ಮುಗಿದು ಹೊರಬಂದ ಚಿತ್ರದ ಮೇಲೆ ಕೂರುತ್ತದೆ. ವಾಹಿನಿಯ ಲೋಗೋ, ‘ನೇರ ಪ್ರಸಾರ’ ಎಂಬ ಪಟ್ಟಿ, ಪ್ರಾಯೋಜಕರ ಸಾಲು, ಇವುಗಳ ಜಾಗ ಅಲ್ಲಿ. ಕೆಳಗೆ ಕಟ್ ಆಗಲಿ, ವೈಪ್ ಆಗಲಿ, ಅವು ಮಿಸುಕುವುದಿಲ್ಲ.

ಒಬಿಎಸ್‌ನಲ್ಲಿ ಈ ಎರಡನೆಯ ಜಾಗ ಹುಟ್ಟಿನಿಂದ ಇಲ್ಲ, ಅದಕ್ಕೇ ತೊಂದರೆ. ಜನ ಪ್ರತಿ ಸೀನಿಗೂ ಲೋಗೋ ಅಂಟಿಸುತ್ತಾರೆ. ಎರಡೂ ಸೀನಿನಲ್ಲಿ ಲೋಗೋ ಒಂದೇ ಜಾಗದಲ್ಲಿದ್ದರೆ ಫೇಡ್‌ನಲ್ಲಿ ಗೊತ್ತಾಗುವುದಿಲ್ಲ. ಸ್ಲೈಡ್ ಹಾಕಿದ ಕೂಡಲೇ ಒಂದು ಲೋಗೋ ಎಡಕ್ಕೆ ಓಡುತ್ತದೆ, ಇನ್ನೊಂದು ಬಲದಿಂದ ಓಡಿಬರುತ್ತದೆ. ಎರಡು ದಾರಿಗಳಿವೆ: ಕಟ್, ಫೇಡ್ ಬಿಟ್ಟು ಬೇರೇನೂ ಬಳಸದಿರುವುದು, ಇಲ್ಲವೇ ಡೌನ್‌ಸ್ಟ್ರೀಮ್ ಕೀಯರ್ ಹೆಸರಿನ ಪ್ಲಗಿನ್ ಹಾಕಿಕೊಳ್ಳುವುದು. ವಿಮಿಕ್ಸ್‌ನ ಓವರ್‌ಲೇ ಚಾನೆಲ್‌ಗಳು ಈ ಕೆಲಸವನ್ನು ತಾವೇ ಮಾಡುತ್ತವೆ.

ಲೋಗೋ ಸುತ್ತ ಕಪ್ಪು ಗೆರೆ ಬರುತ್ತೆ. ಡಿಸೈನರ್ ಹತ್ರ ಕೇಳಿದ್ರೆ ಫೈಲ್ ಸರಿ ಇದೆ ಅಂತಾನೆ.

ಇಬ್ಬರೂ ಸರಿ ಇರಬಹುದು. ಪಾರದರ್ಶಕ ಚಿತ್ರವನ್ನು ಎರಡು ಬಗೆಯಲ್ಲಿ ಉಳಿಸಬಹುದು. ಒಂದರಲ್ಲಿ ಅಂಚಿನ ಬಣ್ಣ ಪೂರ್ತಿ ಇದ್ದು, ಎಷ್ಟು ಪಾರದರ್ಶಕ ಎಂಬ ಮಾಹಿತಿ ಬೇರೆ ಇರುತ್ತದೆ. ಇನ್ನೊಂದರಲ್ಲಿ ಅಂಚಿನ ಬಣ್ಣವನ್ನು ಆಗಲೇ ಕಪ್ಪಿನ ಜೊತೆ ಗುಣಿಸಿಟ್ಟಿರುತ್ತಾರೆ, ಇದು ಪ್ರೀಮಲ್ಟಿಪ್ಲೈಡ್. ಸ್ವಿಚರ್ ಮತ್ತೊಮ್ಮೆ ಗುಣಿಸಿದರೆ ಅಂಚು ಎರಡು ಸಲ ಕಪ್ಪಾಗಿ ಕಾಡಿಗೆ ಹಚ್ಚಿದ ಹಾಗೆ ಆಗುತ್ತದೆ. ಏಟೆಮ್‌ನ ಕೀಯರ್‌ನಲ್ಲಿರುವ ಪ್ರೀಮಲ್ಟಿಪ್ಲೈಡ್ ಚೌಕಕ್ಕೆ ಗುರುತು ಹಾಕಿ ನೋಡಿ. ಕಪ್ಪಿನ ಬದಲು ಬೆಳಗುವ ಅಂಚು ಕಂಡರೆ ಗುರುತು ತೆಗೆಯಿರಿ.

ಹಸಿರು ಪರದೆ ಹಾಕಿದ್ವಿ, ಅತಿಥಿಯ ಸೀರೆ ಅಂಚೇ ಮಾಯ ಆಯ್ತು.

ಹಸಿರನ್ನು ತೆಗೆದುಹಾಕುವ ಕ್ರೋಮಾ ಕೀ ಬಣ್ಣ ನೋಡುತ್ತದೆ, ವಸ್ತುವನ್ನಲ್ಲ. ಹಸಿರು ಅಂಚಿನ ರೇಷ್ಮೆ, ಎದುರಿಗಿಟ್ಟ ವೀಳ್ಯದೆಲೆ, ಹಾರದಲ್ಲಿನ ಎಲೆ, ಎಲ್ಲವೂ ಅದಕ್ಕೆ ಪರದೆಯೇ. ನಮ್ಮ ಸಮಾರಂಭಗಳಲ್ಲಿ ಹಸಿರಿಲ್ಲದೆ ಮಂಗಳಕಾರ್ಯವಿಲ್ಲವಾದ್ದರಿಂದ ನೀಲಿ ಪರದೆ ಇಟ್ಟುಕೊಳ್ಳುವುದು ಜಾಣತನ. ಪರದೆಗೆ ಸಮನಾದ ಬೆಳಕು, ವ್ಯಕ್ತಿಗೂ ಪರದೆಗೂ ನಡುವೆ ಕೆಲವು ಅಡಿ ಅಂತರ, ಇವೆರಡು ಇದ್ದರೆ ಸಾಫ್ಟ್‌ವೇರಿನ ಕಡ್ಡಿಗಳನ್ನು ಎಳೆದಾಡುವ ಕೆಲಸ ಬಹಳಷ್ಟು ಕಡಿಮೆ. ಬಣ್ಣದ ಬದಲು ಬೆಳಕಿನ ಮಟ್ಟ ನೋಡುವ ಲೂಮಾ ಕೀ ಇನ್ನೂ ಒರಟು: ಕಪ್ಪನ್ನೆಲ್ಲ ಕತ್ತರಿಸುತ್ತದೆ, ತಲೆಗೂದಲನ್ನೂ. ಅದನ್ನು ಅಕ್ಷರಗಳಿಗೆ ಮಾತ್ರ ಬಳಸಿ.

ಕನ್ನಡದಲ್ಲಿ ಹೆಸರು ಹಾಕಿದ್ರೆ ಒತ್ತಕ್ಷರ ಒಡೆದುಹೋಗುತ್ತೆ. ಇಂಗ್ಲಿಷ್‌ನಲ್ಲೇ ಹಾಕ್ಬಿಡ್ಲಾ?

ಬೇಡ. ಇದು ಸರಿಹೋಗುವ ಸಮಸ್ಯೆ, ಬೆಂಗಳೂರಿನಲ್ಲಿ ಕೂತು ಇದಕ್ಕೆ ಸೋಲುವುದು ನಾಚಿಕೆಗೇಡು.

ಕನ್ನಡದ ಅಕ್ಷರಗಳನ್ನು ಸಾಲಾಗಿ ಇಟ್ಟರೆ ಪದವಾಗುವುದಿಲ್ಲ. ಲ, ಕ, ಅರ್ಧಾಕ್ಷರದ ಗುರುತು, ಷ, ಮತ್ತೆ ಗುರುತು, ಮ, ಕೊನೆಗೆ ಸ್ವರ, ಇವೆಲ್ಲವನ್ನೂ ಸೇರಿಸಿ ‘ಲಕ್ಷ್ಮಿ’ ಎಂದು ಜೋಡಿಸುವ ಒಂದು ಯಂತ್ರ ಬೇಕು, ಅದನ್ನು ಶೇಪಿಂಗ್ ಎನ್ನುತ್ತಾರೆ. ಅದಿಲ್ಲದ ಕಡೆ ‘ಲಕ್‌ಷ್‌ಮಿ’ ಎಂದು ಬಿಡಿಬಿಡಿಯಾಗಿ ನಿಲ್ಲುತ್ತದೆ. ಒಬಿಎಸ್‌ನಲ್ಲಿ ಫ್ರೀಟೈಪ್ 2 ಎಂಬ ಅಕ್ಷರ ಸೋರ್ಸ್‌ಗೆ ಈ ಶಕ್ತಿ ಇಲ್ಲ. ವಿಂಡೋಸ್‌ನಲ್ಲಿ ಸಿಗುವ ಜಿಡಿಐ ಪ್ಲಸ್ ಸೋರ್ಸ್ ಸರಿಯಾಗಿ ಜೋಡಿಸುತ್ತದೆ. ಎಲ್ಲಕ್ಕಿಂತ ನಂಬಿಕೆಯದು ಬ್ರೌಸರ್ ಸೋರ್ಸ್: ಅದರೊಳಗೆ ಓಡುವುದು ಪೂರ್ತಿ ವೆಬ್ ಬ್ರೌಸರ್, ಆದ್ದರಿಂದ ಮೊಬೈಲಿನಲ್ಲಿ ಕನ್ನಡ ಹೇಗೆ ಕಾಣುತ್ತದೋ ಹಾಗೆಯೇ ಕಾಣುತ್ತದೆ. ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ, ದಪ್ಪ ಶೀರ್ಷಿಕೆಗೆ ಬಾಲೂ ತಮ್ಮ, ಎರಡೂ ಉಚಿತ.

ಇನ್ನೊಂದು ಪಜೀತಿ ಲಗ್ನಪತ್ರಿಕೆಯಿಂದ ಬರುತ್ತದೆ. ಮುದ್ರಣದವರು ಕಳಿಸಿದ ಫೈಲಿನಿಂದ ಹೆಸರು ನಕಲಿಸಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಅದು ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿದೆ, ಯೂನಿಕೋಡ್‌ನಲ್ಲಿಲ್ಲ. ಪರಿವರ್ತಕ ಬಳಸಿ, ಅಥವಾ ಎರಡು ನಿಮಿಷ ಕೊಟ್ಟು ನೀವೇ ಹೊಸದಾಗಿ ಟೈಪ್ ಮಾಡಿ. ಹಾರ್ಡ್‌ವೇರ್ ಸ್ವಿಚರ್ ಆದರೆ ಹೆಸರುಗಳನ್ನು ಮೊದಲೇ ಪಾರದರ್ಶಕ ಪಿಎನ್‌ಜಿ ಮಾಡಿ ತುಂಬಿಡಿ. ಏಟೆಮ್ ಮಿನಿಯ ಮೀಡಿಯಾ ಪೂಲ್‌ನಲ್ಲಿ 20 ಸ್ಥಿರಚಿತ್ರಗಳಿಗೆ ಜಾಗವಿದೆ. ವಧೂವರರ ಹೆಸರನ್ನು ಹಿಂದಿನ ದಿನವೇ ಮನೆಯವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಒಂದು ಕೊಂಬು ತಪ್ಪಿದರೆ ಮಾವನ ಕಡೆಯವರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ಹತ್ತು ಸೀನ್ ಮಾಡಿದೀನಿ, ಲ್ಯಾಪ್‌ಟಾಪ್ ಏದುಸಿರು ಬಿಡ್ತಿದೆ.

ಪ್ರತಿ ಸೀನಿನಲ್ಲೂ ಕ್ಯಾಮೆರಾವನ್ನು ಹೊಸದಾಗಿ ಸೇರಿಸಿದ್ದೀರಿ. ಸೋರ್ಸ್ ಸೇರಿಸುವಾಗ ‘ಈಗಾಗಲೇ ಇರುವುದನ್ನು ಸೇರಿಸು’ ಎಂಬ ಆಯ್ಕೆ ಇರುತ್ತದೆ, ಅದನ್ನು ಬಳಸಿ. ಆಗ ಕ್ಯಾಮೆರಾ ಒಂದೇ, ಹತ್ತು ಕಡೆ ಅದರ ಬಿಂಬ ಮಾತ್ರ. ಬಣ್ಣ ತಿದ್ದಿದರೆ ಹತ್ತೂ ಕಡೆ ಒಂದೇ ಸಲ ತಿದ್ದಿಹೋಗುತ್ತದೆ. ಇನ್ನೂ ಚೆಂದದ ಕ್ರಮ: ಕ್ಯಾಮೆರಾ, ಅದರ ಬಣ್ಣ, ಕತ್ತರಿಕೆ ಎಲ್ಲ ಸೇರಿಸಿ ಒಂದು ಸಣ್ಣ ಸೀನ್ ಮಾಡಿ, ಆ ಸೀನನ್ನೇ ದೊಡ್ಡ ಸೀನ್‌ಗಳ ಒಳಗೆ ಸೋರ್ಸ್ ಆಗಿ ಹಾಕಿ.

ಸ್ಟುಡಿಯೋ ಮೋಡ್‌ನಲ್ಲೇ ಇದ್ದೆ, ಪ್ರಿವ್ಯೂನಲ್ಲಿ ಹೆಸರು ಬದಲಿಸಿದೆ. ಅದು ಲೈವ್‌ನಲ್ಲೂ ಬದಲಾಗೋಯ್ತು! ಇದ್ಯಾವ ನ್ಯಾಯ?

ಮೇಲಿನ ಉತ್ತರದ ಇನ್ನೊಂದು ಮುಖ ಇದು. ಸ್ಟುಡಿಯೋ ಮೋಡ್, ಅಂದರೆ ಒಬಿಎಸ್‌ನ ಪ್ರೋಗ್ರಾಂ–ಪ್ರಿವ್ಯೂ ವಿಧಾನ, ಪ್ರಿವ್ಯೂಗೆ ಸೀನಿನ ನಕಲು ಮಾಡುತ್ತದೆ. ಆದ್ದರಿಂದ ಜಾಗ, ಅಳತೆ, ತೋರಿಸುವ–ಅಡಗಿಸುವ ಕಣ್ಣಿನ ಗುರುತು ಬದಲಿಸಿದರೆ ಲೈವ್‌ಗೆ ತಟ್ಟುವುದಿಲ್ಲ. ಆದರೆ ಸೋರ್ಸ್‌ನ ನಕಲಾಗುವುದಿಲ್ಲ. ಅಕ್ಷರ ಸೋರ್ಸ್ ಎರಡೂ ಕಡೆ ಒಂದೇ. ಸೋರ್ಸ್‌ಗಳನ್ನೂ ನಕಲಿಸುವ ಆಯ್ಕೆ ಟ್ರಾನ್ಸಿಶನ್ ಗುಂಡಿಯ ಪಕ್ಕದ ಗೇರಿನಲ್ಲಿದೆ. ನನ್ನ ರೂಢಿ ಬೇರೆ: ಹೆಸರಿಗೆ ‘ಅ’, ‘ಆ’ ಎಂದು ಎರಡು ಅಕ್ಷರ ಸೋರ್ಸ್ ಇಟ್ಟು, ಲೈವ್‌ನಲ್ಲಿ ಇಲ್ಲದ್ದನ್ನು ಮಾತ್ರ ತಿದ್ದುವುದು.

## ಕೈ ಪಳಗಿದವರಿಗೆ

ಸ್ಟಿಂಗರ್ ಹಾಕಿದೀನಿ. ಅನಿಮೇಶನ್ ಪರದೆ ಮುಚ್ಚೋಕೆ ಮುಂಚೆನೇ ಕ್ಯಾಮೆರಾ ಬದಲಾಗಿಬಿಡುತ್ತೆ.

ಸ್ಟಿಂಗರ್ ಎಂದರೆ ಪಾರದರ್ಶಕ ವಿಡಿಯೋ, ಅದರ ಬೆನ್ನ ಹಿಂದೆ ಸದ್ದಿಲ್ಲದ ಒಂದು ಕಟ್. ಕಟ್ ಯಾವಾಗ ಬೀಳಬೇಕೆಂದು ನೀವೇ ಹೇಳಬೇಕು. ವಿಡಿಯೋವನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಿ. 12ನೇ ಫ್ರೇಮಿನಿಂದ 18ರವರೆಗೆ ಪರದೆ ಪೂರ್ತಿ ಮುಚ್ಚಿದ್ದರೆ ಮಧ್ಯದ 15 ಆರಿಸಿ. 25 ಫ್ರೇಮ್ ವೇಗದಲ್ಲಿ ಅದು 600 ಮಿಲಿಸೆಕೆಂಡ್. ಪರದೆ ಒಂದೇ ಫ್ರೇಮ್ ಮುಚ್ಚಿರುವ ಅನಿಮೇಶನ್ ಆದರೆ ಡಿಸೈನರ್‌ಗೆ ವಾಪಸ್ ಕಳಿಸಿ, ಕನಿಷ್ಠ ನಾಲ್ಕೈದು ಫ್ರೇಮ್ ಮುಚ್ಚಿರಲಿ.

ಫೈಲ್ ಒಬಿಎಸ್‌ಗೆ ವಿಪಿ9 ಇರುವ ವೆಬ್‌ಎಂ ಆಗಿರಲಿ. ಸಾಮಾನ್ಯ ಎಂಪಿ4ನಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ, ಕಪ್ಪು ಹಿನ್ನೆಲೆ ಬರುತ್ತದೆ. ಸ್ಟಿಂಗರ್‌ಗೆ ಸದ್ದು ಸೇರಿಸುವ ಆಸೆ ಎಲ್ಲರಿಗೂ ಇರುತ್ತದೆ. ಒಂದು ಸಂಜೆಯಲ್ಲಿ ಐದನೇ ಸಲ ಆ ‘ಹುಶ್ಶ್’ ಕೇಳಿದ ಮೇಲೆ ನೀವೇ ತೆಗೆದುಹಾಕುತ್ತೀರಿ.

ಸಣ್ಣ ಚೌಕದಲ್ಲಿರೋ ಭಾಷಣಕಾರರು ನಿಧಾನವಾಗಿ ದೊಡ್ಡದಾಗಿ ಪೂರ್ತಿ ಪರದೆ ಆಗ್ಬೇಕು. ಹೇಗೆ?

ಎರಡು ಸೀನ್‌ನಲ್ಲೂ ಅದೇ ಸೋರ್ಸ್ ಇದ್ದು, ಒಂದರಲ್ಲಿ ಸಣ್ಣದಾಗಿ, ಇನ್ನೊಂದರಲ್ಲಿ ದೊಡ್ಡದಾಗಿ ಇರಬೇಕು. ವಿಮಿಕ್ಸ್‌ನ ಮರ್ಜ್ ಟ್ರಾನ್ಸಿಶನ್ ನಡುವಿನ ದಾರಿಯನ್ನು ತಾನೇ ತುಂಬುತ್ತದೆ. ಒಬಿಎಸ್‌ಗೆ ಮೂವ್ ಎಂಬ ಪ್ಲಗಿನ್ ಇದೆ. ಎರಡೂ ಸೀನಿನ ಸೋರ್ಸ್ ಬೇರೆ ಬೇರೆ ಹೆಸರಿನ ಪ್ರತಿಗಳಾಗಿದ್ದರೆ ಅವು ಒಂದೇ ಎಂದು ಅದಕ್ಕೆ ಸುಲಭವಾಗಿ ಗೊತ್ತಾಗದು, ಒಂದು ಮಾಯವಾಗಿ ಇನ್ನೊಂದು ಮೂಡುತ್ತದೆ.

ಏಟೆಮ್ ಮಿನಿಯಲ್ಲಿ ಒಂದು ಮಿತಿ ನೆನಪಿರಲಿ. ಚಿತ್ರವನ್ನು ಕುಗ್ಗಿಸಿ ಸರಿಸುವ ಡಿವಿಇ ಅದರಲ್ಲಿ ಒಂದೇ. ಚೌಕಕ್ಕೆ ಅದನ್ನು ಬಳಸಿಕೊಂಡ ಮೇಲೆ ತಳ್ಳುವ, ಹಿಂಡುವ ಟ್ರಾನ್ಸಿಶನ್‌ಗಳು ಸಿಗುವುದಿಲ್ಲ. ಪೆಟ್ಟಿಗೆ ಕೆಟ್ಟಿಲ್ಲ.

ಕ್ಯಾಮೆರಾ ಬದಲಾಗೋವಾಗಲೇ ಹೆಸರಿನ ಪಟ್ಟಿನೂ ಕರಗಿ ಹೋಗ್ಬೇಕು. ಎರಡು ಬೆರಳು ಒಟ್ಟಿಗೆ ಒತ್ತೋಕೆ ಆಗ್ತಿಲ್ಲ.

ನೆಕ್ಸ್ಟ್ ಟ್ರಾನ್ಸಿಶನ್ ಎಂಬ ಸಾಲು ಇರುವುದೇ ಅದಕ್ಕೆ. ಅಲ್ಲಿ ಬ್ಯಾಕ್‌ಗ್ರೌಂಡ್ ಜೊತೆ ಕೀ 1ನ್ನೂ ಆರಿಸಿದರೆ ಮುಂದಿನ ಆಟೋ ಎರಡನ್ನೂ ಒಟ್ಟಿಗೆ ಒಯ್ಯುತ್ತದೆ. ಡೌನ್‌ಸ್ಟ್ರೀಮ್ ಕೀಗೆ ಇದೇ ಕೆಲಸ ಮಾಡುವ ಗುಂಡಿ ಟೈ. ಕಟ್ಟಿದ್ದನ್ನು ಬಿಚ್ಚುವುದು ಮರೆತರೆ ಮುಂದಿನ ಶಾಟ್‌ಗೆ ಹಳೆಯ ಅತಿಥಿಯ ಹೆಸರು ತಾನಾಗಿ ಹತ್ತಿಬರುತ್ತದೆ. ಆದ್ದರಿಂದ ಒತ್ತುವ ಮೊದಲು ಪ್ರಿವ್ಯೂ ನೋಡಿ. ಮುಂದಿನ ಟ್ರಾನ್ಸಿಶನ್ ಆದ ಮೇಲೆ ಏನು ಕಾಣುತ್ತದೆ ಎಂಬುದನ್ನು ಕೀಗಳ ಸಮೇತ ಅದು ತೋರಿಸುತ್ತಿರುತ್ತದೆ.

ಕಟ್ ಮಾಡಿದಾಗೆಲ್ಲ ಧ್ವನಿ ಏರುಪೇರು. ತುಟಿಗೂ ಮಾತಿಗೂ ಹೊಂದಲ್ಲ.

ಎರಡು ಬೇರೆ ರೋಗ. ಮೊದಲನೆಯದಕ್ಕೆ ಕಾರಣ ಆಡಿಯೋ ಫಾಲೋ ವಿಡಿಯೋ: ಕ್ಯಾಮೆರಾ ಬದಲಾದಂತೆ ಅದರ ಮೈಕೂ ಬದಲಾಗುತ್ತಿದೆ. ಕಚೇರಿಗೆ, ಮದುವೆಗೆ ಇದು ಬೇಡವೇ ಬೇಡ. ಕ್ಯಾಮೆರಾಗಳ ಧ್ವನಿ ಎಲ್ಲ ಆಫ್ ಮಾಡಿ, ಸಭಾಂಗಣದ ಮಿಕ್ಸರ್‌ನಿಂದ ಒಂದು ಸಾಲು ಪಡೆದು ಅದನ್ನು ಸದಾ ಆನ್ ಇಡಿ. ಸಭಿಕರ ಚಪ್ಪಾಳೆಗೆ ಒಂದು ಮೈಕ್ ಬೇರೆ ಇಡಿ, ಇಲ್ಲದಿದ್ದರೆ ತುಂಬಿದ ಚೌಡಯ್ಯ ಹಾಲ್ ಕೂಡ ಖಾಲಿ ಕೋಣೆಯಂತೆ ಕೇಳುತ್ತದೆ.

ಎರಡನೆಯದು ತಡದ ಲೆಕ್ಕ. ಕ್ಯಾಮೆರಾ, ಸಿಂಕ್ರೊನೈಸರ್, ಪದರಗಳ ಜೋಡಣೆ, ಪ್ರತಿ ಹಂತದಲ್ಲೂ ಚಿತ್ರ ಒಂದೆರಡು ಫ್ರೇಮ್ ಹಿಂದೆ ಬೀಳುತ್ತದೆ. ಮಿಕ್ಸರ್‌ನಿಂದ ಬಂದ ಧ್ವನಿ ಹಾಗೆ ಬೀಳುವುದಿಲ್ಲ. ಧ್ವನಿಯನ್ನೂ ಅಷ್ಟೇ ತಡೆಯಬೇಕು. ಕ್ಯಾಮೆರಾ ಮುಂದೆ ಚಪ್ಪಾಳೆ ತಟ್ಟಿಸಿ ರೆಕಾರ್ಡ್ ಮಾಡಿ, ಕೈ ಸೇರಿದ ಫ್ರೇಮಿಗೂ ಸದ್ದಿಗೂ ಎಷ್ಟು ಫ್ರೇಮ್ ಅಂತರವಿದೆ ಎಣಿಸಿ, 40ರಿಂದ ಗುಣಿಸಿ. ಮೂರು ಫ್ರೇಮ್ ಇದ್ದರೆ 120 ಮಿಲಿಸೆಕೆಂಡ್. ಒಬಿಎಸ್‌ನ ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್‌ನ ಸಿಂಕ್ ಆಫ್‌ಸೆಟ್‌ನಲ್ಲಿ ಆ ಸಂಖ್ಯೆ ಹಾಕಿ.

ಒಂದು ಕ್ಯಾಮೆರಾ ಮಾತ್ರ ತಡವರಿಸುತ್ತೆ, ಇನ್ನೊಂದರಲ್ಲಿ ಸೀರಿಯಲ್ ಲೈಟ್ ಮಿಣಮಿಣ ಅನ್ನುತ್ತೆ.

ತಡವರಿಸುವುದು ಬಹುಶಃ ಫೋನ್. ಫೋನ್‌ಗಳು ಸಾಮಾನ್ಯವಾಗಿ 30 ಅಥವಾ 60 ಫ್ರೇಮ್‌ನಲ್ಲಿ ತೆಗೆಯುತ್ತವೆ. ಸ್ವಿಚರ್ 25ಕ್ಕಿದ್ದರೆ 30ರ ಫೋನಿನಿಂದ ಸೆಕೆಂಡಿಗೆ ಐದು ಫ್ರೇಮ್ ಎಸೆಯಲೇಬೇಕು; ಕ್ಯಾಮೆರಾ ತಿರುಗಿಸುವಾಗ ಆ ಕುಂಟುವಿಕೆ ಕಾಣುತ್ತದೆ. ಎಲ್ಲ ಕ್ಯಾಮೆರಾಗಳನ್ನೂ 25ಕ್ಕೋ 50ಕ್ಕೋ ತನ್ನಿ.

ಮಿಣಮಿಣಕ್ಕೆ ಕಾರಣ ವಿದ್ಯುತ್. ನಮ್ಮದು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ 1/50 ಅಥವಾ 1/100 ಇಟ್ಟರೆ ಹೆಚ್ಚಿನ ದೀಪಗಳು ಸುಮ್ಮನಾಗುತ್ತವೆ. ಅಗ್ಗದ ಬಣ್ಣದ ಎಲ್‌ಇಡಿಗಳು ತಮ್ಮದೇ ಲಯದಲ್ಲಿ ಮಿನುಗುವುದರಿಂದ ಅವಕ್ಕೆ ಶಟರ್ ಸ್ವಲ್ಪ ಸ್ವಲ್ಪವೇ ಬದಲಿಸಿ ಹುಡುಕಬೇಕು.

ಮಂಟಪದ ಎಲ್‌ಇಡಿ ಗೋಡೆಗೂ ಯೂಟ್ಯೂಬ್‌ಗೂ ಒಂದೇ ಔಟ್‌ಪುಟ್ ಕೊಟ್ರೆ ಸಾಕಲ್ವಾ?

ಕೊಡಬಹುದು, ಚೆನ್ನಾಗಿರುವುದಿಲ್ಲ. ಮನೆಯಲ್ಲಿ ನೋಡುವವರಿಗೆ ಹೆಸರಿನ ಪಟ್ಟಿ, ಮುಹೂರ್ತದ ಸಮಯ, ಸ್ಥಳ ಎಲ್ಲ ಬೇಕು. ಮಂಟಪದಲ್ಲಿ ಕೂತವರಿಗೆ ತಾವು ಎಲ್ಲಿದ್ದೇವೆಂದು ಗೊತ್ತಿದೆ. ಅವರಿಗೆ ಬೇಕಾದ್ದು ಪುರೋಹಿತರ, ಫೋಟೋಗ್ರಾಫರ್‌ಗಳ ಬೆನ್ನು ಅಡ್ಡ ಬಂದಾಗ ಕಾಣದ ಮುಖಗಳು. ಆದ್ದರಿಂದ ಗೋಡೆಗೆ ಕ್ಲೀನ್ ಫೀಡ್ ಕೊಡಿ. ಡೌನ್‌ಸ್ಟ್ರೀಮ್ ಕೀ ಸೇರುವ ಮೊದಲೇ ತೆಗೆದ ಚಿತ್ರ ಅದು. ಏಟೆಮ್‌ನಲ್ಲಿ ಆ ಹೆಸರಿನ ಔಟ್‌ಪುಟ್ ಆಯ್ಕೆಯೇ ಇದೆ. ಪದರವನ್ನು ಸರಿಯಾದ ಜಾಗದಲ್ಲಿಟ್ಟವರಿಗೆ ಮಾತ್ರ ಇದು ಸಿಗುತ್ತದೆ. ಹೆಸರನ್ನು ಅಪ್‌ಸ್ಟ್ರೀಮ್‌ನಲ್ಲಿ ಹಾಕಿದ್ದರೆ ಕ್ಲೀನ್ ಫೀಡ್ ಕೂಡ ಕ್ಲೀನ್ ಆಗಿರುವುದಿಲ್ಲ.

ಗೋಡೆಗೆ ಹೋಗುವ ದಾರಿಯಲ್ಲಿ ಪರಿವರ್ತಕಗಳು ಕಡಿಮೆಯಿರಲಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವೇದಿಕೆಯ ಸ್ಪೀಕರ್‌ನಿಂದ 34 ಮೀಟರ್ ಹಿಂದೆ ಕೂತವರಿಗೆ ಮಾತು 100 ಮಿಲಿಸೆಕೆಂಡ್ ತಡವಾಗಿಯೇ ತಲುಪುವುದರಿಂದ ಎರಡು ಫ್ರೇಮ್ ತಡ ಅವರಿಗೆ ತಿಳಿಯದು. ಮೊದಲ ಸಾಲಿನವರಿಗೆ ತಿಳಿಯುತ್ತದೆ. ಹಾಗೆಯೇ ಗೋಡೆಯೇ ಹಿನ್ನೆಲೆಯಲ್ಲಿ ಬರುವ ಶಾಟನ್ನು ಗೋಡೆಗೆ ಕಳಿಸಬೇಡಿ, ಚಿತ್ರದೊಳಗೆ ಚಿತ್ರ ಸುರಂಗದಂತೆ ಇಳಿಯುತ್ತಾ ಹೋಗುತ್ತದೆ.

ಮಾಂಗಲ್ಯಧಾರಣೆ ಹೊತ್ತಲ್ಲಿ ಯಾವ ಟ್ರಾನ್ಸಿಶನ್ ಹಾಕಿದ್ರೆ ಗ್ರ್ಯಾಂಡ್ ಆಗಿರುತ್ತೆ?

ಯಾವುದೂ ಬೇಡ. ಗಟ್ಟಿಮೇಳ ಎಂದು ಕೂಗುವ ಮೊದಲೇ ಕೈ, ಕೊರಳು ಎರಡೂ ಕಾಣುವ ಕ್ಯಾಮೆರಾವನ್ನು ಲೈವ್‌ಗೆ ಹಾಕಿ, ಕೈಗಳನ್ನು ಗುಂಡಿಯಿಂದ ತೆಗೆಯಿರಿ. ಪ್ರಿವ್ಯೂನಲ್ಲಿ ಎತ್ತರದಿಂದ ತೆಗೆಯುತ್ತಿರುವ ಕ್ಯಾಮೆರಾ ಸಿದ್ಧವಿರಲಿ. ಅಕ್ಷತೆ ಹಾಕಲು ಎಲ್ಲರೂ ಎದ್ದು ನಿಂತಾಗ ಕೆಳಗಿನ ಕ್ಯಾಮೆರಾಕ್ಕೆ ಕಾಣುವುದು ಬೆನ್ನುಗಳೇ. ಆಗ ಒಂದು ಕಟ್, ಮೇಲಿನದಕ್ಕೆ. ಮೂರು ಗಂಟು ಮುಗಿಯುವವರೆಗೆ ಪ್ರಾಯೋಜಕರ ಪಟ್ಟಿಯನ್ನೂ ಆಫ್ ಮಾಡಿಡಿ, ಅವರೂ ಬೇಜಾರು ಮಾಡಿಕೊಳ್ಳುವುದಿಲ್ಲ.